ಪದಚರ್ಚೆ: ಜೆಟ್ ವಿಮಾನದ ‘ಮಾದರಿ’ಯೋ ‘ನಮೂನೆ’ಯೋ? ಕಿಟ್ ಜೋಡಣೆಯ ಕೆಲವು ಮಾತುಗಳು

ಬಳಗದ ಎಲ್ಲರಿಗೂ ಬೀದರಿನಿಂದ ನಮಸ್ಕಾರಗಳು.

ಪ್ಲಾಸ್ಟಿಕ್ ಕಿಟ್‌ಗಳನ್ನು ತರಿಸಿ ವಾಯುಪಡೆಯ ಜೆಟ್ ವಿಮಾನಗಳ ಚಿಕ್ಕ ರೂಪಗಳನ್ನು ಜೋಡಿಸಿ ಕೂಡಿಡುವುದು ನನ್ನ ಹಳೆಯ ಹವ್ಯಾಸ. ಈ ಬೇಸಿಗೆ ರಜೆಯಲ್ಲಿ ನಮ್ಮ ಓಣಿಯ ಐದಾರು ಮಕ್ಕಳು ತಾವೂ ಕಲಿಯುತ್ತೇವೆಂದು ಬಂದು ಕುಳಿತರು. ಪೆಟ್ಟಿಗೆಯೊಳಗಿನ ಸೂಚನೆಯ ಹಾಳೆಯಲ್ಲಿ ಚಿತ್ರಗಳೇ ಹೆಚ್ಚು. ಇರುವ ನಾಲ್ಕು ಮಾತುಗಳು ಇಂಗ್ಲಿಷಿನಲ್ಲಿ, ಇಲ್ಲವೆ ಜಪಾನಿಯಲ್ಲಿ. ಆದ್ದರಿಂದ ಅವರಿಗಾಗಿ ಎರಡು ಪುಟದ ಕನ್ನಡ ಕೈಪಿಡಿಯೊಂದನ್ನು ಬರೆಯಲು ಹೊರಟ ನಾನು ಮೊದಲ ವಾಕ್ಯದಲ್ಲಿಯೇ ತೊಡಕಿಗೆ ಬಿದ್ದೆ. ಆ ತೊಡಕನ್ನು ತಮ್ಮ ಮುಂದಿಡುವುದಕ್ಕಾಗಿ ಈ ಪತ್ರ.

ನಾನು ಬರೆದ ಮೊದಲ ವಾಕ್ಯ ‘ಇದು ಹಾಕ್ ವಿಮಾನದ ಮಾದರಿ’ ಎಂಬುದಾಗಿತ್ತು. ಬೀದರಿನ ವಾಯುನೆಲೆಗೆ 2008ರಲ್ಲಿ ಹಾಕ್ ತರಬೇತಿ ಜೆಟ್‌ಗಳು ಬಂದವು. ಅಂದಿನಿಂದ ನಮ್ಮ ಕಡೆಯ ಪತ್ರಿಕೆಗಳಲ್ಲಿ ‘ಹಾಕ್ ಮಾದರಿಯ ವಿಮಾನ’ ಎಂಬ ಮಾತು ರೂಢಿಯಲ್ಲಿದೆ. ಅಲ್ಲಿ ಮಾದರಿ ಎಂದರೆ ಬಗೆ, ತಳಿ. ಆಡಳಿತದ ಕನ್ನಡದಲ್ಲಿ ‘ಮಾದರಿ ಗ್ರಾಮ’, ‘ಮಾದರಿ ಶಾಲೆ’ ಎನ್ನುವಾಗ ಅದು ಇತರರು ಅನುಸರಿಸಬೇಕಾದ ಮೇಲ್ಪಂಕ್ತಿ. ಪರೀಕ್ಷೆಯ ಕಾಲಕ್ಕೆ ಬರುವ ‘ಮಾದರಿ ಪ್ರಶ್ನೆಪತ್ರಿಕೆ’ಯಲ್ಲಿ ಮತ್ತೊಂದು ಅರ್ಥ. ಹೀಗೆ ಮೂರು ಹೊರೆ ಹೊತ್ತಿರುವ ಪದದ ಮೇಲೆ ಚಿಕ್ಕ ರೂಪವೆಂಬ ನಾಲ್ಕನೆಯದನ್ನೂ ಹೇರಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ವಾಕ್ಯ ಸಾಕು: ‘ನನ್ನ ಬಳಿ ಮಿಗ್-21ರ ಮೂರು ಮಾದರಿಗಳಿವೆ.’ ಸಾಮಾನ್ಯ ಓದುಗರಿಗೆ ಇದರಲ್ಲಿ ಗೊಂದಲ ಕಾಣದಿರಬಹುದು. ಆದರೆ ಸಂಗ್ರಹಕಾರರಿಗೆ ಇದು ಎರಡು ಬೇರೆ ಮಾತು. 1963ರಿಂದ 2025ರ ಸೆಪ್ಟೆಂಬರ್‌ವರೆಗೆ ನಮ್ಮ ವಾಯುಪಡೆಯಲ್ಲಿ ಹಾರಿದ ಮಿಗ್-21ರಲ್ಲಿ ಎಫ್‌ಎಲ್, ಬಿಸ್, ಬೈಸನ್ ಮುಂತಾದ ಭೇದಗಳಿದ್ದವು. ಎಫ್‌ಎಲ್‌ನ ಬೆನ್ನಿನ ಉಬ್ಬು ಬಿಸ್‌ನದರಂತೆ ಇರುವುದಿಲ್ಲ. ನನ್ನಲ್ಲಿರುವುದು ಮೂರು ಭೇದಗಳೋ, ಒಂದೇ ಭೇದದ ಮೂರು ಚಿಕ್ಕ ರೂಪಗಳೋ ಎಂಬುದನ್ನು ಆ ವಾಕ್ಯ ಹೇಳುವುದೇ ಇಲ್ಲ.

‘ಪ್ರತಿಕೃತಿ’ಯನ್ನು ಬಳಸೋಣವೆಂದರೆ, ಆ ಪದವನ್ನು ನಮ್ಮ ಊರಿನ ವೃತ್ತಗಳಲ್ಲಿ ಸುಟ್ಟು ಸುಟ್ಟು ಹಾಳುಮಾಡಲಾಗಿದೆ. ‘ಪ್ರತಿಕೃತಿ ದಹನ’ ಎಂಬ ಶೀರ್ಷಿಕೆಯನ್ನು ವಾರಕ್ಕೊಮ್ಮೆಯಾದರೂ ಓದುವ ಮಕ್ಕಳಿಗೆ ‘ತೇಜಸ್ ವಿಮಾನದ ಪ್ರತಿಕೃತಿ’ ಎಂದರೆ ಮುಂದೇನು ಮಾಡುವರೆಂಬ ಊಹೆ ಬೇರೆಯೇ ಆಗುತ್ತದೆ. ಹಾಸ್ಯ ಹಾಗಿರಲಿ, ಪ್ರತಿಕೃತಿಯು ಮೂಲದಷ್ಟೇ ದೊಡ್ಡದೂ ಆಗಿರಬಹುದು. ಕಿರಿದಾಗಿರುವುದು ಅದರ ಲಕ್ಷಣವಲ್ಲ. ‘ಪಡಿಯಚ್ಚು’ ಎಂಬುದು ಚಂದದ ಪದವೇ. ಆದರೆ ಅದು ಯಥಾವತ್ತಾದ ಹೋಲಿಕೆಯನ್ನು ಹೇಳುತ್ತದೆಯೇ ಹೊರತು ಬಿಡಿಬಿಡಿಯಾಗಿ ಕೂಡಿಸಿದ್ದನ್ನಲ್ಲ. ‘ಆಟಿಕೆ’ ಎಂದು ನಾನೇ ಬರೆದುಕೊಂಡರೆ ಮನೆಯವರ ವಾದಕ್ಕೆ ಲಿಖಿತ ಒಪ್ಪಿಗೆ ಕೊಟ್ಟಂತಾಗುತ್ತದೆ.

ಹೀಗಿರುವಾಗ ನನ್ನ ತಂಗಿಯ ಮಗ, ಒಣಗಲು ಇಟ್ಟಿದ್ದ ವಿಮಾನವನ್ನು ನೋಡಿ, “ಮಾಮಾ, ಇದು ಖರೇ ವಿಮಾನದ ನಮೂನಿನೇ ಅದ ನೋಡ್ರಿ” ಎಂದ. ನಮ್ಮ ಬೀದರ, ಕಲಬುರಗಿ ಸೀಮೆಯಲ್ಲಿ ‘ನಮೂನಿ’ ದಿನಬಳಕೆಯ ಮಾತು. ಉರ್ದುವಿನ, ಮರಾಠಿಯ ‘ನಮೂನಾ’ ಇಲ್ಲಿ ಎಂದೋ ನೆಲೆಯೂರಿದೆ. ‘ನಮೂನಿ ನಮೂನಿ ಪಲ್ಯ’ ಎಂದರೆ ಬಗೆಬಗೆಯದು. ‘ಅವ್ವನ ನಮೂನಿ ಮಾತಾಡ್ತಾಳ’ ಎಂದರೆ ತಾಯಿಯಂತೆ ಮಾತನಾಡುತ್ತಾಳೆ ಎಂದು. ಈ ಎರಡನೆಯ ಬಳಕೆ ನನ್ನ ಗಮನವನ್ನು ಸೆಳೆಯಿತು. ‘ಮಾದರಿ’ಯಲ್ಲಿ ಹೋಲಿಕೆಯ ಅರ್ಥ ಹಿಂದೆ ಸರಿದು ವರ್ಗದ ಅರ್ಥ ಮುಂದೆ ಬಂದಿದೆ, ನಮ್ಮ ಕಡೆಯ ‘ನಮೂನಿ’ಯಲ್ಲಿ ಹೋಲಿಕೆ ಇನ್ನೂ ಜೀವಂತವಾಗಿದೆ. ಹಾಗಾಗಿ ಭೇದಕ್ಕೆ ‘ಮಾದರಿ’, ಜೋಡಿಸಿದ ಚಿಕ್ಕ ರೂಪಕ್ಕೆ ‘ನಮೂನೆ’ ಎಂದು ಹಂಚಿಕೊಟ್ಟರೆ ‘ಮಿಗ್-21 ಬಿಸ್ ಮಾದರಿಯ ಎರಡು ನಮೂನೆಗಳು’ ಎಂದು ನಿಸ್ಸಂದಿಗ್ಧವಾಗಿ ಬರೆಯಬಹುದು. ಇದಕ್ಕೆ ಎದುರಾಗಿ ನಿಲ್ಲುವುದು ಕಚೇರಿಯ ‘ಅರ್ಜಿ ನಮೂನೆ’. ಮೈಸೂರು ಕಡೆಯ ಓದುಗರಿಗೆ ‘ವಿಮಾನದ ನಮೂನೆ’ ಎಂದರೆ ಭರ್ತಿ ಮಾಡಬೇಕಾದ ಹಾಳೆ ನೆನಪಾಗುವುದೇ ಎಂಬುದು ತಮ್ಮಲ್ಲಿ ನನ್ನ ಮೊದಲ ಪ್ರಶ್ನೆ.

‘ಸ್ಕೇಲ್’ ಎಂಬುದಕ್ಕೆ ಭೂಪಟದ ಪಾಠದಲ್ಲಿ ಕಲಿತ ‘ಪ್ರಮಾಣ’ವಿದೆ. 1:72, ಅಂದರೆ ಮೂಲದ ಉದ್ದದ ಎಪ್ಪತ್ತೆರಡನೆಯ ಒಂದು ಭಾಗ, ಎಂಬ ಪ್ರಮಾಣ ವಿಚಿತ್ರವಾಗಿ ಕಂಡರೂ ಅದರ ಹಿಂದಿನ ಲೆಕ್ಕ ಸರಳವಾದುದು: ಆರು ಅಡಿಗೆ 72 ಇಂಚು, ಆದ್ದರಿಂದ ಆರು ಅಡಿ ಎತ್ತರದ ಪೈಲಟ್ ಇಲ್ಲಿ ಒಂದು ಇಂಚಿನವನಾಗುತ್ತಾನೆ. 1:48ರಲ್ಲಿ ನಾಲ್ಕು ಅಡಿಗೆ ಒಂದು ಇಂಚು. ತೊಂದರೆ ಇರುವುದು ವಿಶೇಷಣ ಸೇರಿಸಿದಾಗ. 1:48 ಎಂಬುದು 1:72ಕ್ಕಿಂತ ದೊಡ್ಡ ಪ್ರಮಾಣ. ಆದರೆ ಕನ್ನಡದಲ್ಲಿ ‘ದೊಡ್ಡ ಪ್ರಮಾಣದಲ್ಲಿ ಮಳೆ’ ಎನ್ನುವಂತೆ ‘ದೊಡ್ಡ ಪ್ರಮಾಣದ ನಮೂನೆಗಳು’ ಎಂದರೆ ರಾಶಿ ರಾಶಿ ಎಂಬ ಅರ್ಥವೇ ಮೊದಲು ಬರುತ್ತದೆ. ‘72 ಪಟ್ಟು ಕಿರಿದು’ ಎಂಬುದೂ ಪೂರ್ತಿ ಸರಿಯಲ್ಲ. ಉದ್ದದಲ್ಲಿ 72 ಪಟ್ಟು ಕಿರಿದಾದದ್ದು ಮೈಯ ಹರವಿನಲ್ಲಿ 5,184 ಪಟ್ಟು, ಗಾತ್ರದಲ್ಲಿ 3,73,248 ಪಟ್ಟು ಕಿರಿದಾಗಿರುತ್ತದೆ. 7.15 ಮೀಟರ್ ಅಗಲದ ಮಿಗ್-21ರ ರೆಕ್ಕೆಗಳು ಸುಮಾರು 10 ಸೆಂಟಿಮೀಟರಿಗೆ ಇಳಿದು, ಇಡೀ ವಿಮಾನ ಅಂಗೈಯಲ್ಲಿ ಹಿಡಿಸುವುದು ಇದರಿಂದಲೇ. ಸದ್ಯಕ್ಕೆ ನಾನು ‘72ರ ಅಳತೆ’, ‘48ರ ಅಳತೆ’ ಎಂದು ಬರೆದಿದ್ದೇನೆ. ಮಕ್ಕಳು ಅದನ್ನು ಒಪ್ಪಿಕೊಂಡಿದ್ದಾರೆ, ಆದರೆ 72 ಎಂಬುದು 48ಕ್ಕಿಂತ ಚಿಕ್ಕದೇಕೆ ಎಂದು ಪ್ರತಿ ಭಾನುವಾರವೂ ಕೇಳುತ್ತಾರೆ. ನಮ್ಮ ಹಳೆಯ ಲೆಕ್ಕದಲ್ಲಿ ಹದಿನಾರನೆಯ ಒಂದು ಭಾಗಕ್ಕೆ ‘ವೀಸ’ ಎಂಬ ಹೆಸರಿರುವುದರಿಂದ 1:32ರ ಅಳತೆಯನ್ನು ‘ಅರೆವೀಸ’ ಎನ್ನಬಹುದಾಗಿತ್ತಲ್ಲವೇ ಎಂಬ ಆಸೆಯೂ ಒಮ್ಮೆ ಹುಟ್ಟಿತು. 72 ಆ ಸರಣಿಯಲ್ಲಿ ಕೂಡದ ಕಾರಣ ಅದನ್ನು ಅಲ್ಲಿಗೇ ಬಿಟ್ಟೆ.

ಇನ್ನು ನಿಜವಾಗಿ ಪದವೇ ಇಲ್ಲವೆನ್ನಿಸಿದ ಜಾಗ. ಕಿಟ್ಟಿನ ಭಾಗಗಳು ಬಿಡಿಯಾಗಿ ಬರುವುದಿಲ್ಲ. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹರಿದುಹೋದ ದಾರಿಯೇ ಗಟ್ಟಿಯಾಗಿ ಕಡ್ಡಿಗಳ ಚೌಕಟ್ಟಾಗುತ್ತದೆ. ರೆಕ್ಕೆ, ಬಾಲ, ಚಕ್ರ, ಆಸನಗಳೆಲ್ಲ ಅದಕ್ಕೆ ಅಂಟಿಕೊಂಡಿರುತ್ತವೆ. ಇಂಗ್ಲಿಷಿನಲ್ಲಿ ಇದನ್ನು ‘ಸ್ಪ್ರೂ’ ಎನ್ನುತ್ತಾರೆ. ನಾನು ‘ಚೌಕಟ್ಟು’ ಎಂದು ಬರೆದು, ಹೊಡೆದುಹಾಕಿ, ‘ಹಂದರ’ ಎಂದು ತಿದ್ದಿದೆ. ಹಂದರದಲ್ಲಿ ಹೀರೇಕಾಯಿ ತೂಗುವಂತೆಯೇ ಇಲ್ಲಿ ಭಾಗಗಳು ತೂಗುತ್ತವೆ. ಹಂದರವೆಂದ ಮೇಲೆ ಭಾಗವನ್ನು ಕಡ್ಡಿಗೆ ಹಿಡಿದಿಡುವ ಸಣ್ಣ ಕೊಂಡಿಗೆ ‘ತೊಟ್ಟು’ ಎಂಬ ಹೆಸರು ತಾನಾಗಿಯೇ ಬಂತು. ‘ತೊಟ್ಟನ್ನು ಭಾಗದ ಅಂಚಿಗೆ ತಾಗಿಸಿ ಕತ್ತರಿಸಬೇಡಿ, ತುಸು ಬಿಟ್ಟು ಕತ್ತರಿಸಿ, ಉಳಿದುದನ್ನು ಉಜ್ಜುಕಾಗದದಿಂದ ಉಜ್ಜಿರಿ’ ಎಂಬ ವಾಕ್ಯವನ್ನು ಓದಿದ ಮಕ್ಕಳಲ್ಲಿ ಒಬ್ಬರೂ ಅರ್ಥ ಕೇಳಲಿಲ್ಲ.

ಆದರೂ ಇದು ನನ್ನ ಕಟ್ಟುಪದ. ಕಸುಬಿನವರ ಬಾಯಿಯಲ್ಲಿ ಇದಕ್ಕಿಂತ ಹಳೆಯ ಪದವಿದ್ದರೆ ಅದಕ್ಕೇ ಮೊದಲ ಮಣೆ ಸಲ್ಲಬೇಕು. ಬಿದರಿ ಕಸುಬು ನಮ್ಮ ಊರಿನದೇ. ಸತುವಿಗೆ ತುಸು ತಾಮ್ರ ಬೆರೆಸಿ ಕರಗಿಸಿ, ಮಣ್ಣಿನ ಅಚ್ಚಿಗೆ ಹೊಯ್ದು, ಅರದಿಂದ ಉಜ್ಜಿ, ಮೈಮೇಲೆ ಗೀರು ಕೆತ್ತಿ, ಬೆಳ್ಳಿಯ ತಂತಿ ಕೂಡಿಸಿ, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಆ ಕೆಲಸದಲ್ಲಿ ನಮ್ಮ ಕಿಟ್ ಜೋಡಣೆಯ ಅರ್ಧ ಹಂತಗಳು ಆಗಲೇ ಇವೆ. ಹೊಯ್ದ ಲೋಹ ಅಚ್ಚಿನ ಬಾಯಿಯಲ್ಲಿ ಉಳಿದು ಗಟ್ಟಿಯಾದ ತುಂಡಿಗೂ, ಅಚ್ಚಿನ ಎರಡು ಹೋಳುಗಳ ನಡುವೆ ಸೋರಿ ಅಂಚಿನಲ್ಲಿ ನಿಂತ ತೆಳುವಾದ ಪೊರೆಗೂ ಅವರಲ್ಲಿ ಕನ್ನಡದ್ದೋ ದಖ್ಖನಿ ಉರ್ದುವಿನದೋ ಹೆಸರು ಇರಲೇಬೇಕು. ಎರಡೂ ನಮ್ಮ ಕಿಟ್‌ಗಳಲ್ಲಿ ಇವೆ. ತಮ್ಮಲ್ಲಿ ಯಾರಾದರೂ ಎರಕದ ಮನೆತನದವರಿದ್ದರೆ, ಬಿದರಿಯವರಾಗಲಿ ಕಂಚುಗಾರರಾಗಲಿ, ದಯವಿಟ್ಟು ತಿಳಿಸಬೇಕು.

ವಿಮಾನದ ಮೈಮೇಲಿನ ತಗಡುಗಳ ಸಂದನ್ನು ತೋರಿಸುವ ರೇಖೆಗಳಿಗೆ ‘ಗೀರು’ ಎಂಬುದನ್ನೇ ಇಟ್ಟುಕೊಂಡಿದ್ದೇನೆ. ಹಳೆಯ ಕಿಟ್‌ಗಳಲ್ಲಿ ಅವು ಉಬ್ಬಿರುತ್ತಿದ್ದವು, ಈಗಿನವುಗಳಲ್ಲಿ ತಗ್ಗಾಗಿರುತ್ತವೆ. ‘ಉಬ್ಬುಗೀರು’, ‘ತಗ್ಗುಗೀರು’ ಎಂದರೆ ಮುಗಿಯಿತು.

ಅಂಟಿನ ವಿಷಯದಲ್ಲಿ ಮಾತ್ರ ಸ್ವಲ್ಪ ಜಗಳವಾಡಬೇಕೆನಿಸುತ್ತದೆ. ಈ ಕಿಟ್‌ಗಳಿಗೆ ಬಳಸುವ ದ್ರವವನ್ನು ‘ಅಂಟು’ ಎನ್ನುವುದು ತಪ್ಪು ತಿಳಿವಳಿಕೆಗೆ ದಾರಿಮಾಡುತ್ತದೆ. ಅಂಟು ಎರಡು ವಸ್ತುಗಳ ನಡುವೆ ಮೂರನೆಯದಾಗಿ ನಿಂತು ಹಿಡಿಯುತ್ತದೆ. ಈ ದ್ರವವಾದರೋ ಎರಡೂ ಅಂಚುಗಳ ಪಾಲಿಸ್ಟೈರೀನನ್ನು ಕರಗಿಸಿ, ಒಂದರೊಳಗೊಂದು ಬೆರೆಯುವಂತೆ ಮಾಡಿ, ತಾನು ಆವಿಯಾಗಿ ಹೋಗುತ್ತದೆ. ಉಳಿಯುವುದು ಒಂದೇ ಪ್ಲಾಸ್ಟಿಕ್. ಇದು ‘ಬೆಸುಗೆ’. ‘ಅಂಟು’ ಎಂದು ಓದಿದ ಹುಡುಗನೊಬ್ಬ ಹೆಚ್ಚು ಹಚ್ಚಿದಷ್ಟೂ ಗಟ್ಟಿ ಎಂದುಕೊಂಡು ಧಾರಾಳವಾಗಿ ಸುರಿದ. ಜ್ಯಾಗ್ವಾರ್ ವಿಮಾನದ ಮೂಗು ಬೆರಳ ಗುರುತಿನೊಂದಿಗೆ ಸೊಟ್ಟಗಾಯಿತು. ‘ಬೆಸುಗೆ ದ್ರವ’ ಎಂದು ತಿದ್ದಿದ ಮೇಲೆ ಕೈ ಬಿಗಿಹಿಡಿದಿದ್ದಾರೆ.

ಬೆಸೆಯುವ ಮೊದಲು ಭಾಗಗಳನ್ನು ಸುಮ್ಮನೆ ಕೂಡಿಸಿ ಸಂದು ನೋಡುವುದಕ್ಕೆ ‘ಕಚ್ಚಾ ಜೋಡಣೆ’ ಎಂದಿದ್ದೇನೆ. ದರ್ಜಿಯವರ ‘ಕಚ್ಚಾ ಹೊಲಿಗೆ’ಯಿಂದ ಎತ್ತಿಕೊಂಡ ಮಾತು. ನೀರಿನಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಕೂಡಿಸುವ ಗುರುತುಗಳನ್ನು ‘ಡೆಕಾಲ್’ ಎಂದೇ ಉಳಿಸಿಕೊಂಡಿದ್ದೇನೆ. ನಮ್ಮ ಮಕ್ಕಳು ಹಾಕ್ ಕಿಟ್ಟಿನಲ್ಲಿ ಬಂದ ಬ್ರಿಟನ್ನಿನ ರೆಡ್ ಆರೋಸ್ ಎಂಬ ವಿಮಾನ ಕಸರತ್ತಿನ ತಂಡದ ಗುರುತುಗಳನ್ನು ಬದಿಗಿಟ್ಟು, 1996ರಲ್ಲಿ ಇದೇ ಬೀದರಿನಲ್ಲಿ ಹುಟ್ಟಿದ ನಮ್ಮ ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣದ ಗುರುತುಗಳೇ ಬೇಕೆಂದು ಹಟ ಹಿಡಿದಾಗ, ಒಬ್ಬ ಹುಡುಗಿ ಅವನ್ನು ‘ಹಚ್ಚೆ’ ಎಂದು ಕರೆದಳು. ಹಚ್ಚೆ ಚರ್ಮದೊಳಗೆ ಇಳಿಯುತ್ತದೆ, ಡೆಕಾಲ್ ಮೇಲೆಯೇ ಕೂಡುತ್ತದೆ. ಆದರೂ ಆ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗುತ್ತಿಲ್ಲ. ಪೆಟ್ಟಿಗೆ ಒಡೆಯದೆ ಕಪಾಟಿನಲ್ಲಿ ಕೂಡಿಟ್ಟ ಕಿಟ್‌ಗಳ ದಾಸ್ತಾನಿಗೆ ನಾನು ಮನೆಯಲ್ಲಿ ಬಳಸುವ ಪದ ‘ಹಗೇವು’. ಬರಗಾಲಕ್ಕೆಂದು ಜೋಳ ತುಂಬಿಡುತ್ತಿದ್ದ ನೆಲದ ಕಣಜದ ಹೆಸರು ಅದಕ್ಕೆ ಸರಿಯಾಗಿ ಒಪ್ಪುತ್ತದೆ, ಬರ ಎಂದೂ ಬಂದಿಲ್ಲವೆಂಬುದೊಂದನ್ನು ಬಿಟ್ಟರೆ.

ಉಳಿದಿರುವುದು ಕ್ರಿಯಾಪದ. ವಿಮಾನವನ್ನು ‘ಕಟ್ಟು’ವುದೋ, ‘ಜೋಡಿಸು’ವುದೋ, ‘ಕೂಡಿಸು’ವುದೋ? ನಮ್ಮಲ್ಲಿ ಮಕ್ಕಳು ಇವ್ಯಾವುದನ್ನೂ ಬಳಸುವುದಿಲ್ಲ. “ರೆಕ್ಕಿ ಹಚ್ಚಿದೆ, ಇನ್ನ ಬಣ್ಣ ಹಚ್ಚೋದದ” ಎನ್ನುತ್ತಾರೆ. ರೆಕ್ಕೆಗೂ ಬಣ್ಣಕ್ಕೂ ದೀಪಕ್ಕೂ ಒಂದೇ ‘ಹಚ್ಚು’. ಕೈಪಿಡಿಯಲ್ಲಿ ಬಿಡಿ ಭಾಗಕ್ಕೆ ‘ಹಚ್ಚು’, ಇಡೀ ವಿಮಾನಕ್ಕೆ ‘ಜೋಡಿಸು’ ಎಂದು ಬರೆದಿದ್ದೇನೆ. ‘ರೆಕ್ಕೆ ಹಚ್ಚಿರಿ’ ಎಂದು ಓದಿದ ಹಾಸನದ ಅಥವಾ ಮಂಡ್ಯದ ಮಗು ತರಕಾರಿ ಹಚ್ಚುವ ಈಳಿಗೆಮಣೆಯನ್ನು ಹುಡುಕಿಕೊಂಡು ಹೋಗುವುದೇ, ಇಲ್ಲವೇ ಎಂಬುದನ್ನು ಆ ಕಡೆಯ ಸದಸ್ಯರು ಹೇಳಿದರೆ ಕೈಪಿಡಿಯನ್ನು ಅಚ್ಚಿಗೆ ಕೊಡುತ್ತೇನೆ.