ಖರೇ ಕಟ್ಟಿಗಿ, ಖೊಟ್ಟಿ ಕಟ್ಟಿಗಿ

ಧಾರವಾಡದಲ್ಲಿ ಮನೆ ಕಟ್ಟಿಸುವವನಿಗೆ ಉಸುಕು, ಸಿಮೆಂಟು ಬರುವ ಮೊದಲೇ ಸಲಹೆ ಬಂದು ಬಿದ್ದಿರುತ್ತದೆ. ಅದೂ ಪುಕ್ಕಟೆ. ಬಸ್ಯಾ ಸಪ್ತಾಪುರದ ಕಡೆ ಮನೆ ಕಟ್ಟಿಸುತ್ತಿದ್ದಾನೆ. ಪಾಯದಿಂದ ಸ್ಲ್ಯಾಬಿನವರೆಗೆ ನಾವೆಲ್ಲ ಒಂದು ಪೈಸೆ ಖರ್ಚಿಲ್ಲದೆ ಅವನ ಬೆನ್ನಿಗೆ ನಿಂತಿದ್ದೇವೆ. ಈಗ ನೆಲದ ಪ್ರಶ್ನೆ. ಸ್ಲ್ಯಾಬಿನ ಮಾತಿನಲ್ಲಿ ಎಂಜಿನಿಯರ್ ನಮ್ಮ ಬಾಯಿ ಮುಚ್ಚಿಸಿಬಿಟ್ಟಿದ್ದ. ನೆಲದ ಮಾತಿನಲ್ಲಿ ಆ ಅಧಿಕಾರ ಯಾರಿಗಿದೆ? ಎಲ್ಲರೂ ಅದರ ಮೇಲೆ ನಡೆದಾಡಿದವರೇ.

ಸೇರಿದ್ದು ಶಂಕ್ರಣ್ಣನ ಕಟ್ಟಿಗೆ ಅಡ್ಡೆಯಲ್ಲಿ. ನಡುವೆ ಗಿರ್ಮಿಟ್ಟು, ಮಿರ್ಚಿ, ಚಹಾ. ಬಸ್ಯಾ ಜೋಳದ ಚೀಲ ಬೋರಲು ಹಾಕಿ ಐದು ತುಂಡು ಸುರುವಿದ. ಐದಕ್ಕೂ ಸಾಗವಾನಿ ಬಣ್ಣ, ಸಾಗವಾನಿ ಗೆರೆ.

"ಇದ್ರಾಗ ಒಂದು ಪೂರಾ ಖರೇ, ಒಂದು ಅರ್ಧಾ ಖರೇ, ಉಳದ ಮೂರೂ ಸೋಗಿನವು. ಆರಸ್ರಿ ನೋಡೂಣು."

ರಾಘ್ಯಾ ಬ್ಯಾಂಕಿನವನು. ಕ್ಯಾಶ್ ಕೌಂಟರಿನಲ್ಲಿ ಕೂತು ಖೊಟ್ಟಿ ನೋಟು ಹಿಡಿದು ಹಿಡಿದು, ತನ್ನ ಹೆಬ್ಬೆರಳಿಗೆ ಮೋಸ ಮಾಡುವ ವಸ್ತು ಜಗತ್ತಿನಲ್ಲೇ ಇಲ್ಲ ಅಂತ ಅವನ ನಂಬಿಕೆ. ಕಣ್ಣು ಮುಚ್ಚಿ ಎಲ್ಲ ಸವರಿದ. ಟೈಲ್ಸ್ ತಣ್ಣಗೆ ಹತ್ತಿತು, ಅದನ್ನು ಕಾಲಿನಿಂದ ಆಚೆ ಸರಿಸಿದ. ಉಳಿದ ನಾಲ್ಕರಲ್ಲಿ ಒಂದನ್ನು ಎತ್ತಿ ಎದೆಗೆ ಅಪ್ಪಿಕೊಂಡ.

"ಇದಾ! ಎಳಿ ಬೆರಳಿಗೆ ಹತ್ತತದ ನೋಡ್ರಿ. ಥೇಟ್ ದಾಂಡೇಲಿ ಮಾಲು."

ಶಂಕ್ರಣ್ಣ ಬಸಿಯಿಂದ ತಲೆ ಎತ್ತದೆ ಅಂದ, "ರಾಘಪ್ಪ, ನೀ ಅಪ್ಪಿಕೊಂಡಿದ್ದು ಫೋಟೋ."

"ಫೋಟೋ?"

"ಹೂಂ. ಒಳಗ ಕಟ್ಟಿಗಿ ನಾರು ಅರದು ಒತ್ತಿ ಮಾಡಿದ ಹಲಗಿ. ಅದರ ಮ್ಯಾಲ ಸಾಗವಾನಿದೊಂದು ಫೋಟೋ ಕಾಗದ. ಅದರ ಮ್ಯಾಲ ಗಾಜಿನಂಥಾ ಪದರ. ಫೋಟೋದಾಗ ಗೆರಿ ಎಲ್ಲೈತೋ ಅಲ್ಲೇ ತಗ್ಗು ಬರೂವಂಗ ಒತ್ತಿರ್ತಾರ. ಅದಕ್ಕ ನಿನ್ನ ಹೆಬ್ಬೆಟ್ಟು ಸೋತಿತು. ಮಾರಿ ನೋಡಬ್ಯಾಡ ತಮ್ಮಾ, ಬಗಲ ನೋಡು."

ಬಗಲಲ್ಲಿ ನಿಜ ಬಯಲಾಯಿತು. ಖರೇ ಹಲಗೆಯಲ್ಲಿ ಮೇಲಿನ ಗೆರೆ ಅಂಚಿಗೆ ಬಂದು, ಬಾಗಿ, ಕೆಳಗಿನ ತನಕ ಇಳಿದಿತ್ತು. ಅರ್ಧ ಖರೇದರಲ್ಲಿ ಗೆರೆ ಮೂರ್ನಾಲ್ಕು ಮಿಲಿಮೀಟರ್ ಇಳಿದು ನಿಂತಿತ್ತು, ಕೆಳಗೆಲ್ಲ ಪ್ಲೈವುಡ್. ರಾಘ್ಯಾನ ಪ್ರಿಯತಮೆಯಲ್ಲಿ ಗೆರೆ ಮಾರಿಗಷ್ಟೇ ಸೀಮಿತ, ಬಗಲಲ್ಲಿ ಬರೇ ಕಂದು ಹೊಟ್ಟು.

ಮೊಬೈಲಿನಲ್ಲಿ ಎಲ್ಲ ಓದಿಕೊಂಡು ಬಂದಿದ್ದ ಬಸ್ಯಾನಿಗೆ ತಡೆಯಲಾಗಲಿಲ್ಲ. "ಇದಕ್ಕ ಲ್ಯಾಮಿನೇಟ್ ಅಂತಾರ. 1977ರಾಗ ಸ್ವೀಡನ್ನಿನ ಪರ್‌ಸ್ಟಾರ್ಪ್ ಕಂಪನಿಯವರು ಮಾಡಿದ್ದು. ಮೊದಲ ಅವರು ಟೇಬಲ್ಲಿಗೆ ಹಚ್ಚೂ ಹಾಳಿ ಮಾಡ್ತಿದ್ರು."

"ಅಂದ್ರ ನಮ್ಮ ಸನ್‌ಮೈಕಾ ಟೇಬಲ್ ಬಿಟ್ಟು ನೆಲಕ್ಕ ಇಳೀತು ಅನ್ನು" ಅಂದರು ಕಲ್ಲಪ್ಪ ಮಾಸ್ತರು. ಮಾಸ್ತರು ಇತಿಹಾಸ ಕಲಿಸಿ ನಿವೃತ್ತರಾದವರು. ಹೆಸರಿಗೆ ತಕ್ಕಂತೆ ಮೊದಲಿನಿಂದಲೂ ಕಲ್ಲಿನ ಪಕ್ಷ.

ಸೋತ ರಾಘ್ಯಾ ಸುಮ್ಮನೆ ಕೂಡುವ ಪೈಕಿ ಅಲ್ಲ. ಸ್ಕೂಟರ್ ಕೀಲಿ ತೆಗೆದು ಲ್ಯಾಮಿನೇಟಿನ ಮೇಲೆ ಕರ್ ಎಂದು ಎಳೆದ. ಏನೂ ಆಗಲಿಲ್ಲ. ಅದೇ ಕೀಲಿಯನ್ನು ಶಂಕ್ರಣ್ಣನ ಕಣ್ಣೆದುರೇ ಸಾಗವಾನಿ ಮೇಲೆ ಎಳೆದ. ಬೆಳ್ಳನೆಯ ಗೀರು ಎದ್ದು ಕೂತಿತು.

"ಈಗೇನಂತೀರಿ ಶಂಕ್ರಣ್ಣ? ಫೋಟೋ ಗೆದ್ದದ, ಅಸಲಿ ಬಿದ್ದದ!"

ಇದು ಖರೇನೇ. ಲ್ಯಾಮಿನೇಟಿನ ಮೇಲ್ಪದರದಲ್ಲಿ ಅಲ್ಯುಮಿನಿಯಂ ಆಕ್ಸೈಡ್ ಪುಡಿ ಇರುತ್ತದೆ. ಪಾಲಿಶ್ ಕಾಗದಕ್ಕೆ ಹಚ್ಚುವುದೂ ಅದನ್ನೇ. ಸಾಗವಾನಿ ಹೆಸರಿಗೆ ದೊಡ್ಡದು, ಆದರೆ ಕಟ್ಟಿಗೆಗಳ ಪೈಕಿ ತೀರಾ ಗಟ್ಟಿ ಅಲ್ಲ. ಅದರ ಮಾನ ಇರುವುದು ಅದರೊಳಗಿನ ಎಣ್ಣೆಯಲ್ಲಿ, ಕಡಿಮೆ ಡೊಂಕಾಗುವ ಗುಣದಲ್ಲಿ. ಕುರ್ಚಿ ಎಳೆದಾಡುವ ಮಕ್ಕಳಿರುವ ಮನೆಯಲ್ಲಿ ಫೋಟೋನೇ ಹೆಚ್ಚು ದಿನ ಚೆಂದ ಕಂಡೀತು.

ಶಂಕ್ರಣ್ಣ ಮಾತಾಡದೆ ಎದ್ದ. ಪಾಲಿಶ್ ಕಾಗದ ತಂದು ಗೀರಿನ ಮೇಲೆ ಎಳೆಯ ದಿಕ್ಕಿಗೇ ನಾಲ್ಕು ಸಲ ತಿಕ್ಕಿದ. ಹಳೇ ಅರಿವೆಯಲ್ಲಿ ಒಂದಿಷ್ಟು ಎಣ್ಣೆ ಒರೆಸಿದ. ಗೀರು ಮಾಯ. ಕಾಗದವನ್ನು ರಾಘ್ಯಾನ ಕೈಗಿಟ್ಟು, "ಈಗ ನಿನ್ನ ಫೋಟೋಕ್ಕ ತಿಕ್ಕು" ಅಂದ.

ಯಾರು ತಿಕ್ಕುತ್ತಾರೆ? ತಿಕ್ಕಿದರೆ ಮೊದಲು ಹೋಗುವುದೇ ಫೋಟೋ.

"ಹದಿನೆಂಟು, ಇಪ್ಪತ್ತು ಮಿಲಿಮೀಟರ್ ದಪ್ಪನ ಹಲಗಿ ಇದ್ರ ಅಜ್ಜ ಒಮ್ಮೆ ಕೆರಸ್ತಾನ, ಮಗ ಒಮ್ಮೆ, ಮೊಮ್ಮಗ ಒಮ್ಮೆ. ಈ ಅರ್ಧಾ ಖರೇ ಐತಲ್ಲ, ಎಂಜಿನಿಯರ್ಡ್ ಅಂತಾರ, ಮ್ಯಾಲಿನ ಪದರ ದಪ್ಪ ಇದ್ರ ಇದೂ ಒಂದೆರಡು ಸರ್ತಿ ತಡೀತೈತಿ. ಲ್ಯಾಮಿನೇಟ್ ಕೆಟ್ರ ಕಿತ್ತೂದು, ಒಗಿಯೂದು."

ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ಐತವಾರ ನೀರಿನ ಟಾಕಿಯಲ್ಲಿ ಮುಳುಗಿಸಿಟ್ಟಿದ್ದ ಲ್ಯಾಮಿನೇಟ್ ತುಂಡೊಂದನ್ನು ತಂದು ತೋರಿಸಿದ. ಅಂಚು ಉಬ್ಬಿ, ಕಾಗದ ಎದ್ದು, ಹೊಟ್ಟು ಹಲ್ಲು ಕಿಸಿದಿತ್ತು. ಬಸ್ಯಾನ ಮಾರಿ ಇಳಿಯಿತು.

"ನಮ್ಮವ್ವ ಅಮಾಸಿಗೆ ನೆಲಾ ಒರಸಂಗಿಲ್ಲೋ. ಕೊಡಗಟ್ಟಲೆ ನೀರ ಹಾಕಿ, ಬಾರಿಗಿ ತಗೊಂಡು, ತೊಳೀತಾಳ."

"ಹಂಗಾದ್ರ ಒಂದ ಅಮಾಸಿಗೆ ಫೋಟೋದ ತಿಥಿ" ಅಂದ ರಾಘ್ಯಾ. ಅಷ್ಟರಲ್ಲಿ ಅವನೂ ಪಕ್ಷ ಬದಲಿಸಿದ್ದ.

ಬಸ್ಯಾ ಮೂರನೇ ತುಂಡು ಎತ್ತಿದ. ಐದೇ ಮಿಲಿಮೀಟರ್ ತೆಳು, ಆದರೂ ಕೈಗೆ ಭಾರ. "ಇದು ಎಸ್‌ಪಿಸಿ. ನೀರಿಗೆ ಜಪ್ಪಂಗಿಲ್ಲ. ಒಂದಕ್ಕೊಂದು ಖಟ್ ಅಂತ ಕೂಡಿಸಿಬಿಟ್ರ ಆತು. ಗೌಂಡಿ ಬ್ಯಾಡ, ಸಿಮೆಂಟ್ ಬ್ಯಾಡ."

"ಒಳಗೇನೈತಿ?" ಮಾಸ್ತರು ಪರೀಕ್ಷೆಯ ಧ್ವನಿಯಲ್ಲಿ ಕೇಳಿದರು.

"ಸುಣ್ಣಕಲ್ಲಿನ ಪುಡಿ ರೀ. ಅದಕ್ಕ ಪಿವಿಸಿ ಪ್ಲಾಸ್ಟಿಕ್ ಕಲಸಿರ್ತಾರ. ಮ್ಯಾಲ ಕಟ್ಟಿಗಿ ಚಿತ್ರದ ಪದರ."

"ಸುಣ್ಣಕಲ್ಲು!" ಮಾಸ್ತರು ಕೈಯಲ್ಲಿದ್ದ ಮಿರ್ಚಿ ಕೆಳಗಿಟ್ಟರು. ಅದು ಅವರು ಗಂಭೀರರಾಗುವ ಲಕ್ಷಣ. "ಶಹಾಬಾದಿ ಫರಸಿ ಯಾತರದ್ದೋ? ಅದೂ ಸುಣ್ಣಕಲ್ಲ. ಅಂದ್ರ ನಮ್ಮ ಕಲಬುರಗಿ ಕಡೆ ನೆಲದಾಗಿಂದ ಎಬ್ಬಿಸಿ ಹಂಗ ಹಾಸೂವಂಥಾ ಕಲ್ಲಿನ ಜಾತೀದನ್ನ ತಗೊಂಡು, ಕುಟ್ಟಿ ಹಿಟ್ಟು ಮಾಡಿ, ಪ್ಲಾಸ್ಟಿಕ್ ಹಾಕಿ ನಾದಿ, ಕಟ್ಟಿಗಿ ಫೋಟೋ ಹಚ್ಚಿ, ತಿರುಗಿ ನಮಗ ಮಾರತಾರ. ಇಷ್ಟೆಲ್ಲಾ ಯಾಕ? ಕಲ್ಲು ಕಲ್ಲಾಗಿರಾಕ ನಾಚಿಕಿ ಏನದಕ್ಕ?"

ನಾವು ನಕ್ಕೆವು. ಆದರೂ ಎಸ್‌ಪಿಸಿಯ ಪರವಾಗಿ ನಾನು ಒಂದು ಮಾತು ಹೇಳಲೇಬೇಕು, ಅಲ್ಲಿ ಯಾರೂ ನನಗೆ ಹೇಳಲು ಬಿಡಲಿಲ್ಲ. ಬಾಡಿಗೆ ಮನೆಗೆ, ಅಂಗಡಿಗೆ, ಹಳೇ ನೆಲ ಒಡೆಯದೆ ಅದರ ಮೇಲೇ ಹಾಸುವುದಕ್ಕೆ ಅಷ್ಟು ಸಸಾರದ ವಸ್ತು ಬೇರೆ ಇಲ್ಲ. ನೀರು ಚೆಲ್ಲಿದರೆ ಚಿಂತೆಯಿಲ್ಲ. ಕೆಳಗಿನ ನೆಲ ಮಾತ್ರ ಸಪಾಟಾಗಿರಬೇಕು, ಇಲ್ಲದಿದ್ದರೆ ಕಾಲಿಟ್ಟಲ್ಲೆಲ್ಲ ಟಕ್ ಟಕ್ ಎಂದು ಮನೆಯವರ ಗುಟ್ಟು ಹೇಳುತ್ತದೆ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಇದ್ದು ಏಪ್ರಿಲ್ ಬಿಸಿಲು ನೇರ ಬೀಳುವಂತಿದ್ದರೂ ಯೋಚಿಸಬೇಕು. ಎಷ್ಟಂದರೂ ಪ್ಲಾಸ್ಟಿಕ್, ಕಾದರೆ ಹಿಗ್ಗುತ್ತದೆ.

ಮಾಸ್ತರಿಗೆ ಸೋಗಿನ ನೆಲದ ಇತಿಹಾಸ ನೆನಪಾಗಿತ್ತು. "ಇದೇನ್ ಹೊಸದಲ್ಲ. ಇಂಗ್ಲೆಂಡಿನಾಗ ಫ್ರೆಡರಿಕ್ ವಾಲ್ಟನ್ ಅಂತ ಒಬ್ಬ, 1863ರಾಗ ಲಿನೋಲಿಯಂ ಅನ್ನೂದಕ್ಕ ಪೇಟೆಂಟ್ ತಗೊಂಡ. ಅದರಾಗ ಏನಿತ್ತು ಗೊತ್ತೈತೇನು? ಅಗಸಿ ಎಣ್ಣಿ! ಅದನ್ನ ಗಾಳಿಗೆ ಹೆಪ್ಪುಗಟ್ಟಿಸಿ, ಕಾರ್ಕಿನ ಪುಡಿ ಕೂಡಿಸಿ, ಸೆಣಬಿನ ತಟ್ಟಿನ ಮ್ಯಾಲ ಬಳದ್ರ ನೆಲಾ ತಯಾರು."

"ನಾವು ರೊಟ್ಟಿಗೆ ಅಗಸಿ ಹಿಂಡಿ ಹಚ್ಕೊಂಡು ತಿಂದ್ವಿ, ಅವ ನೆಲಕ್ಕ ಹಚ್ಚಿ ಶ್ರೀಮಂತ ಆದ" ಎಂದು ಬಸ್ಯಾ ನಿಟ್ಟುಸಿರು ಬಿಟ್ಟ.

ಇನ್ನು ಟೈಲ್ಸ್. ಇದರ ಮೇಲೆ ರಾಘ್ಯಾನಿಗೆ ವೈಯಕ್ತಿಕ ಸಿಟ್ಟಿದೆ. ಹುಬ್ಬಳ್ಳಿಯ ಯಾವುದೋ ಮಂಗಲ ಕಾರ್ಯಾಲಯದಲ್ಲಿ ನೆಲಕ್ಕೆಲ್ಲ ಕಟ್ಟಿಗೆ ಚಿತ್ರದ ಟೈಲ್ಸ್ ಇದ್ದವಂತೆ. ಮುಹೂರ್ತ ತಡವಾಯಿತು, ತಲೆ ಬಗ್ಗಿಸಿ ಕೂತವನಿಗೆ ಕಾಲ ಹತ್ತಿರ ಒಂದು ಗಂಟು ಕಂಡಿತು. ಆ ಬದಿಗೆ ನೋಡಿದ, ಅದೇ ಗಂಟು. ಕಂಬದ ಹತ್ತಿರ ಮತ್ತೆ ಅದೇ.

"ಪಾಸ್‌ಪೋರ್ಟ್ ಫೋಟೋ ಹಂಚಿದಂಗ ಅದ ರೀ! ಮ್ಯಾಲಿನ ಅಂಚಿನ್ಯಾಗ ಎರಡು ಚುಕ್ಕಿ, ನಡಕ ಕಣ್ಣಿನಂಥಾ ಗಂಟು. ಎಷ್ಟು ಗಿಡದಾಗ ಒಂದ ಗಂಟು ಬರ್ತದ? ಅದನ್ನ ಎಣಸ್ಕೋತ ಎಣಸ್ಕೋತ ವಧೂವರರ ಕಾಲಿನ ತನಕ ಹೋಗಿಬಿಟ್ಟೆ. ಅಕ್ಷತಾ ಹಾಕೂದು ಬಿಟ್ಟು ನೆಲಾ ನೋಡ್ಲಿಕತ್ತೀರಲ್ಲ ಅಂತ ನಮ್ಮಾಕಿ ಚಿವುಟಿದ್ಳು."

ಟೈಲ್ಸಿಗೆ ಚಿತ್ರ ಹಾಕುವುದು ಇಂಕ್‌ಜೆಟ್ ಯಂತ್ರ. ಕಂಪನಿಯವರು ಕೆಲವೇ ಹಲಗೆಗಳ ಚಿತ್ರ ಇಟ್ಟುಕೊಂಡು ಅವನ್ನೇ ತಿರುತಿರುಗಿ ಒತ್ತುತ್ತಾರೆ. ಜಾಣ ಮಿಸ್ತ್ರಿ ಡಬ್ಬಿಗಳನ್ನು ಕಲಸಿ, ತುಂಡುಗಳನ್ನು ಹಿಂದುಮುಂದಾಗಿ ತಿರುಗಿಸಿ ಜೋಡಿಸಿದರೆ ಇಷ್ಟು ಬೇಗ ಸಿಕ್ಕಿಬೀಳುವುದಿಲ್ಲ. ಗಟ್ಟಿತನದಲ್ಲಿ ಮಾತ್ರ ಅದಕ್ಕೆ ಹೆಸರಿಡುವಂತಿಲ್ಲ. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ತನ್ನ ತೂಕದ ಶೇಕಡಾ 0.5ಕ್ಕಿಂತ ಕಡಿಮೆ. ಅವ್ವನ ಕೊಡ, ಬಾರಿಗೆ ಎರಡಕ್ಕೂ ಅದು ಹೆದರುವುದಿಲ್ಲ.

"ಹಂಗಾದ್ರ ಖರೇ ಸಾಗವಾನಿ ಹಾಸಿಬಿಡ್ಲೇನು ಶಂಕ್ರಣ್ಣ? ಒಮ್ಮೆ ಖರ್ಚು, ಮೂರು ತಲಿಮಾರು ಚಿಂತಿಲ್ಲ."

ಕಟ್ಟಿಗೆ ವ್ಯಾಪಾರಿ ಇಂಥ ಗಿರಾಕಿಗೆ ಇಲ್ಲ ಅನ್ನುವುದನ್ನು ನಾನು ನೋಡಿದ್ದು ಅಲ್ಲಿಯೇ. "ಕೆಳಗಿನ ನೆಲಕ್ಕ ಬ್ಯಾಡ. ನಮ್ಮ ಎರಿ ಭೂಮಿ ಮಳಿಗಾಲದಾಗ ಉಬ್ಬಿ, ಬ್ಯಾಸಗಿಗೆ ಕಾಲ ಹೋಗೂವಂಗ ಬಾಯಿ ಬಿಡತೈತಲ್ಲ, ಕಟ್ಟಿಗೀದೂ ಅದ ಗುಣ. ಉದ್ದಕ್ಕ ಕದಲಂಗಿಲ್ಲ, ಅಗಲಕ್ಕ ಉಸರಾಡತೈತಿ. ಅದಕ್ಕ ಗ್ವಾಡಿ ಸುತ್ತ ಹತ್ತು ಮಿಲಿಮೀಟರ್ ಜಾಗಾ ಬಿಟ್ಟು ಸ್ಕರ್ಟಿಂಗ್ ಮುಚ್ಚತಾರ. ಬಿಡಲಿಲ್ಲಾ, ನಡಕ ಗುಡ್ಡ ಏಳತೈತಿ. ಮತ್ತ ನೆಲದ ಹಸಿ ತಳದಿಂದ ಏರತೈತಿ. ಸಾಗವಾನಿ ಒರಲಿ ಮುಟ್ಟಂಗಿಲ್ಲ ಅಂತಾರ, ಅದು ಕೆಚ್ಚಿನ ಮಾತು. ಬಗಲಿನ ಬಿಳೇ ಭಾಗ ಸೇರಿಸಿ ಕೊಯ್ದು ಕೊಟ್ರ, ಒರಲಿಗೆ ನೀ ಊಟಕ್ಕ ಕರದಂಗ."

ಮಾಸ್ತರು ಇದಕ್ಕೇ ಕಾದಿದ್ದರು. "ನೋಡ್ರಿ, ದಾಂಡೇಲಿ ಅಡವಿ ನಮ್ಮ ಮಗ್ಗಲದಾಗ. ಅಳ್ನಾವರದಿಂದ ಅಲ್ಲೀತನಕಾ ರೈಲು ಹಾಕಿದ್ರು. ಅಷ್ಟ ಕಟ್ಟಿಗಿ ಬಾಗಲದಾಗ ಇದ್ರೂ ನಮ್ಮ ಹಿರ್ಯಾರು ಅದನ್ನ ಎಲ್ಲಿಟ್ರು? ತಲಿ ಮ್ಯಾಲ! ತೊಲಿ, ಜಂತಿ, ಅಟ್ಟ. ಕಂಬಕ್ಕ, ಬಾಗಲಕ್ಕ, ಹೊಚ್ಚಲಕ್ಕ. ಪಡಸಾಲಿ ನೆಲಕ್ಕ? ಸಗಣಿ ಸಾರಿಸಿದ್ರು, ರೊಕ್ಕ ಇದ್ದಾವ್ರು ಫರಸಿ ಹಾಸಿದ್ರು. ಕಟ್ಟಿಗಿ ನೆಲಾ ಅನ್ನೂದು ಥಂಡಿ ದೇಶದಾವ್ರ ಚಾಳಿ, ಕಲ್ಲ ಮ್ಯಾಲ ಕಾಲಿಟ್ರ ಅವರ ಪ್ರಾಣ ಹೋಗತೈತಿ. ನಮಗ ಬ್ಯಾಸಗ್ಯಾಗ ಕಲ್ಲ ಬೇಕು, ಮಧ್ಯಾಹ್ನ ಅದರ ಮ್ಯಾಲ ಉಳ್ಳಾಡಾಕ. ಈಗ ನೀ ಏನ್ ಮಾಡಾಕತ್ತೀ? ನಮ್ಮಲ್ಲಿ ಇರದಿದ್ದ ನೆಲದ ನಕಲು!"

"ಆದ್ರ ಸರ್, ನಕಲು ಮಾಡೂದು ತಪ್ಪೇನು?"

"ತಪ್ಪಲ್ಲೋ. ಐಹೊಳಿ ಲಾಡಖಾನ ಗುಡಿ ನೋಡೀಯಿಲ್ಲೋ? ಚಾಲುಕ್ಯರ ಕಾಲದ್ದು. ಛಾವಣಿ ಮ್ಯಾಲ ಕಲ್ಲಿನ ಹಾಸು, ಸಂದಿ ಮುಚ್ಚಾಕ ಉದ್ದುದ್ದ ಕಲ್ಲಿನ ಪಟ್ಟಿ. ಥೇಟ್ ಕಟ್ಟಿಗಿ ದಿಮ್ಮಿ ಇಟ್ಟಂಗ. ಕಟ್ಟಿಗಿ ಗುಡಿ ಕಟ್ಟಿ ರೂಢಿ ಇದ್ದ ಕೈ, ಕಲ್ಲಿನ್ಯಾಗೂ ಅದನ್ನ ಮಾಡೈತಿ."

"ಅಂದ್ರ ಖೊಟ್ಟಿ ಕಟ್ಟಿಗಿಗೆ ಸಾವಿರ ವರ್ಷದ ಮ್ಯಾಲಿನ ಪರಂಪರಾ ಅದ!" ಎಂದು ರಾಘ್ಯಾ ಲ್ಯಾಮಿನೇಟ್ ತುಂಡನ್ನು ಮತ್ತೆ ಎದೆಗೆ ಅಪ್ಪಿದ.

"ಏ, ಅಲ್ಲಿ ಒಡದು ನೋಡು, ಒಳಗೂ ಕಲ್ಲ. ಮಳಿ ತಡೀತು, ಬಿಸಲ ತಡೀತು. ಅದಕ್ಕ ಬಗಲ ತೋರ್ಸಾಕ ಅಂಜಿಕಿಲ್ಲ."

ಬಿದಿರಿನ ನೆಲದ ಮಾತೂ ಬಂತು, ಅದು ಕಟ್ಟಿಗೆಯೇ ಅಲ್ಲ, ಹುಲ್ಲಿನ ಜಾತಿ ಎಂದು ಮಾಸ್ತರು ಒಂದೇ ಏಟಿಗೆ ಮುಗಿಸಿದರು. ಇಳಕಲ್ಲಿನ ಕೆಂಪು ಗ್ರಾನೈಟಿನ ಮಾತು ಬರುವಷ್ಟರಲ್ಲಿ ಬಸ್ಯಾನ ಫೋನು ಹೊಡಕೊಂಡಿತು. ಅವ್ವ. ಸ್ಪೀಕರಿಗೆ ಹಾಕಿದ.

"ಏನೋ, ಆತೇನು ನಿಮ್ಮ ಪಂಚಾಯ್ತಿ? ನಾ ಎಲ್ಲಿ ಕುಂತು ರೊಟ್ಟಿ ಬಡೀಲಿ ಅನ್ನೂದರೆ ಹೇಳು. ಆ ಫೋಟೋದ ಮ್ಯಾಲ ಕುಂದರಾಕಿ ಅಲ್ಲ ನಾನು. ಹಾವೇರ್ಯಾಗ ನಮ್ಮ ತವರಮನ್ಯಾಗ ಕಾವಿ ನೆಲಾ ಇತ್ತು, ಕೊಬ್ಬರಿ ಎಣ್ಣಿ ಹಚ್ಚಿ ತಿಕ್ಕಿದ್ರ ಮಾರಿ ಕಾಣ್ತಿತ್ತು. ಅದನ್ನ ಮಾಡೂ ಗೌಂಡಿ ಸಿಗ್ತಾನೇನು ಕೇಳು. ಸಿಗಲಿಲ್ಲಾ, ಫರಸಿ ಹಾಕು."

ಸಿಮೆಂಟಿಗೆ ಕೆಂಪು ಆಕ್ಸೈಡ್ ಕೂಡಿಸಿ, ಬಿರುಕು ಬಿಡದಂತೆ ದಿನಗಟ್ಟಲೆ ಕರಣೆಯಿಂದ ತಿಕ್ಕಿ, ನೀರು ಕುಡಿಸಿ ಮಾಡುವ ಆ ನೆಲಕ್ಕೆ ಈಗ ಕೈ ಪಳಗಿದವರು ಕಡಿಮೆ. ಬಸ್ಯಾ ಶಂಕ್ರಣ್ಣನ ಮಾರಿ ನೋಡಿದ, ಶಂಕ್ರಣ್ಣ ಗೋಣು ಅಲ್ಲಾಡಿಸಿದ. ಹಾಗಾಗಿ ಕೆಳಗೆಲ್ಲ ಫರಸಿ ಎಂದು ಗೊತ್ತಾಯಿತು. ಮಾಸ್ತರು ಉಳಿದ ಮಿರ್ಚಿ ತಿಂದರು.

ಆದರೆ ಬಸ್ಯಾನ ಆಸೆ ಪೂರ್ತಿ ಸತ್ತಿರಲಿಲ್ಲ. "ಮ್ಯಾಲ ಒಂದ ಖೋಲಿ, ನಾ ಪುಸ್ತಕ ಓದೂದಕ್ಕ. ಅದಕ್ಕರೆ ಕಟ್ಟಿಗಿ ಹಾಸೂಣಲ್ಲ?"

"ಅದು ಮಾತು" ಎಂದು ಶಂಕ್ರಣ್ಣ ಮೊದಲ ಸಲ ನಕ್ಕ. "ಹಳೇ ಹುಬ್ಬಳ್ಳ್ಯಾಗ ಒಂದು ವಾಡೇದ ಮನಿ ಕೆಡವಿದ್ರು. ಅದರ ಅಟ್ಟದ ಹಲಗಿ ನನ್ನಲ್ಲೇ ಬಿದ್ದಾವ. ಹಳೇ ಸಾಗವಾನಿ, ಕದಲೂದೆಲ್ಲಾ ಕದಲಿ ಮುಗದೈತಿ. ಮೊಳಿ ಕಿತ್ತು, ಒಂದು ಕೈ ಕೆರಸಿದ್ರ ಹೊಸಾ ಹೆಣ್ಣಿನಂಗ ಕಾಣ್ತಾವ. ಕಿಮ್ಮತ್ತು ಆಮ್ಯಾಲ ಮಾತಾಡೂಣು."

"ಆಮ್ಯಾಲ" ಅಂದಾಗಲೇ ಬಸ್ಯಾನ ಕೈ ಜೇಬಿನ ಮೇಲೆ ಹೋಯಿತು. ಫೋನಿನಲ್ಲಿ ಅವ್ವ ಇನ್ನೂ ಇದ್ದರು.

"ಏ ಬಸೂ, ವಾಸ್ತುಶಾಂತಿ ದಿನ ಆಕಳಾ ಕರ ಮನಿ ತುಂಬ ತಿರಗಬೇಕು ಮತ್ತ. ಮ್ಯಾಲಿನ ಖೋಲೀನೂ ಬಿಡಂಗಿಲ್ಲ."

ಎಲ್ಲರೂ ಹಲಗೆ ಮರೆತು ಆಕಳಿನ ಲೆಕ್ಕಕ್ಕೆ ಬಿದ್ದರು. ಗೊರಸಿನ ಗೀರು ಪಾಲಿಶ್ ಕಾಗದಕ್ಕೆ ಹೋಗುತ್ತದೆ, ಗಂಜಲದ ಕಲೆಗೆ ಏನು ಗತಿ? ಮೆಟ್ಟಿಲಿಗೆ ಗೋಣಿಚೀಲ ಹಾಸಬೇಕೆಂದು ಮಾಸ್ತರು, ಬಾಳೆಹಣ್ಣು ತೋರಿಸುತ್ತ ಮುಂದೆ ನಡೆಯಬೇಕೆಂದು ರಾಘ್ಯಾ.

"ಏರಸೂದೇನು, ಯಾರರೆ ಏರಸ್ತಾರ" ಅಂದ ಶಂಕ್ರಣ್ಣ. "ಆಕಳಾ ಮೆಟ್ಟಲಾ ಏರತೈತಿ, ಇಳಿಯಾಕ ಒಲ್ಲೆ ಅಂತೈತಿ. ಇಳಸಾವ್ರು ಯಾರು ಅಂತ ಈಗ ಹೆಸರ ಬರಕೋರಿ."

ರಾಘ್ಯಾನಿಗೆ ಆ ಐತವಾರ ಬ್ಯಾಂಕ್ ಇರುತ್ತದಂತೆ.