ಅಪ್‌ಡೇಟ್: ಬೈಕಂಪಾಡಿ ಗೋದಾಮಿನ ಫೈರ್ ಪಂಪ್

ಮಂಗಳೂರಿನ ಬೈಕಂಪಾಡಿಯ ನಮ್ಮ ಗೋಡಂಬಿ ಗೋದಾಮಿನಲ್ಲಿ ಬೆಂಕಿಯ ಸುಳಿವೇ ಇಲ್ಲದೆ ಸ್ಪ್ರಿಂಕ್ಲರ್‌ನ ಮುಖ್ಯ ಪಂಪ್ ಆಗಾಗ ಚಾಲೂ ಆಗುತ್ತಿರುವುದೇಕೆ, ಪಂಪ್ ಬದಲಿಸಬೇಕೇ ಎಂದು ಕೇಳಿದ್ದೆ. ಪೈಪಿನ ಒತ್ತಡ ಇಳಿದಾಗ ಪಂಪ್ ಚಾಲೂ ಮಾಡುವ ಪ್ರೆಶರ್ ಸ್ವಿಚ್‌ಗಳನ್ನು ಮೊದಲು ನೋಡಿ ಎಂದು ಸೂಚಿಸಿದವರಿಗೆ ಮನಃಪೂರ್ವಕ ಕೃತಜ್ಞತೆಗಳು. ಪೈಪಿನಲ್ಲಿ ಒತ್ತಡ ಕಾಯ್ದುಕೊಳ್ಳುವ ಚಿಕ್ಕ ಪಂಪ್ ಆದ ಜಾಕಿ ಪಂಪ್‌ನ ಚೆಕ್ ವಾಲ್ವ್‌ನಲ್ಲಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ತುಕ್ಕಿನ ಚೂರು ಸಿಕ್ಕಿಕೊಂಡು ನೀರು ಹಿಂದಕ್ಕೆ ಸೋರುತ್ತಿತ್ತು. ಎರಡೂ ಪಂಪ್‌ಗಳನ್ನು ಬಹುತೇಕ ಒಂದೇ ಒತ್ತಡಕ್ಕೆ ಹೊಂದಿಸಿದ್ದರಿಂದ, ಇಳಿದ ಒತ್ತಡವನ್ನು ಜಾಕಿ ತುಂಬಿಕೊಡುವ ಮೊದಲೇ ಮುಖ್ಯ ಪಂಪ್ ಓಡಲಾರಂಭಿಸುತ್ತಿತ್ತು. ವಾಲ್ವ್ ಶುಚಿಗೊಳಿಸಿ, ಫೈರ್ ಪಂಪ್‌ಗಳ ಕುರಿತ ಅಮೆರಿಕದ ಮಾನದಂಡ ಎನ್‌ಎಫ್‌ಪಿಎ 20ರ ಮಾರ್ಗದರ್ಶನದಂತೆ ಜಾಕಿ ನಿಲ್ಲುವ ಒತ್ತಡಕ್ಕಿಂತ 10 ಪಿಎಸ್‌ಐ (ಒತ್ತಡದ ಅಳತೆ) ಕೆಳಗೆ ಅದರ ಆರಂಭವನ್ನೂ, ಅದಕ್ಕಿಂತ ಇನ್ನೂ 5 ಪಿಎಸ್‌ಐ ಕೆಳಗೆ ಮುಖ್ಯ ಪಂಪ್‌ನ ಆರಂಭವನ್ನೂ ಹೊಂದಿಸಿದೆವು. ಆ ಬಳಿಕ ಮುಖ್ಯ ಪಂಪ್ ವಿನಾಕಾರಣ ಓಡಿಲ್ಲ. ಪರೀಕ್ಷೆಯಲ್ಲಿ ನಿಗದಿತ ಹರಿವಿನ ಶೇ. 150ರಲ್ಲಿ ಒತ್ತಡ ನಿಗದಿತ ಒತ್ತಡದ ಶೇ. 65ಕ್ಕಿಂತ ಕೆಳಗಿಳಿಯದ ಕಾರಣ ಪಂಪ್‌ನ ಸಾಮರ್ಥ್ಯದ ಬಗ್ಗೆ ಸಂದೇಹ ಉಳಿದಿಲ್ಲ. ಕಡಲಗಾಳಿಗೆ ಸವೆದ, ನೀರಿನ ಒತ್ತಡವನ್ನು ಸ್ವಿಚ್‌ಗೆ ತಲುಪಿಸುವ ಸೆನ್ಸಿಂಗ್ ಪೈಪನ್ನು ಮಾತ್ರ ಮಳೆಗಾಲಕ್ಕೆ ಮುನ್ನ ಬದಲಿಸಲಿದ್ದೇವೆ.