ರಾತ್ರಿ ಹತ್ತಾದ ಮೇಲೂ ರಸ್ತೆಯಲ್ಲಿ ಆರ್ಕೆಸ್ಟ್ರಾ, ಯಾರಿಗೆ ಹೇಳಬೇಕು?

ಮೂರನೇ ಕ್ರಾಸ್:
ನಮ್ಮದು ಬೆಂಗಳೂರಿನ ರಾಜಾಜಿನಗರದ ಕಡೆ ಒಂದು ಸಣ್ಣ ಕ್ರಾಸ್. ನವೆಂಬರ್ ಬಂತೆಂದರೆ ಶನಿವಾರ, ಭಾನುವಾರ ಯಾವುದಾದರೂ ಒಂದು ಬೀದಿಯಲ್ಲಿ ರಾಜ್ಯೋತ್ಸವ ಇದ್ದೇ ಇರುತ್ತದೆ. ಅದು ಬೇಡ ಅಂತ ನಾನು ಹೇಳುತ್ತಿಲ್ಲ, ಬೆಳಿಗ್ಗೆ ಬಾವುಟ ಹಾರಿಸುವಾಗ ಮಕ್ಕಳನ್ನು ಕರೆದುಕೊಂಡು ಹೋಗಿ ನಿಲ್ಲುವವಳು ನಾನು. ತೊಂದರೆ ರಾತ್ರಿ ಆರ್ಕೆಸ್ಟ್ರಾದ್ದು. ಹೋದ ಶನಿವಾರ ನಮ್ಮ ಗೇಟಿನಿಂದ ಮೂರು ಮನೆ ಆಚೆ ಸ್ಟೇಜ್ ಹಾಕಿ, ಎರಡೂ ಕಡೆ ಆಳೆತ್ತರ ಸ್ಪೀಕರ್ ಪೇರಿಸಿ, 11.40ರ ತನಕ ಬಾರಿಸಿದರು. ಅಡುಗೆಮನೆ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಟ್ಟೆಗಳು ಬೇಸ್ ಬಡಿದಾಗಲೆಲ್ಲ ಝಿಣಝಿಣ ಅನ್ನುತ್ತಿದ್ದವು. ಎದ್ದು ಹೋಗಿ ತಟ್ಟೆಗಳ ನಡುವೆ ಬಟ್ಟೆ ತುರುಕಿ ಬಂದೆ. ಅತ್ತೆಗೆ ಆಪರೇಷನ್ ಆಗಿ ಇನ್ನೂ ಇಪ್ಪತ್ತು ದಿನ. ಕಿವಿಗೆ ಹತ್ತಿ ಇಟ್ಟುಕೊಂಡು ಹಾಸಿಗೆ ಮೇಲೆ ಕೂತೇ ಇದ್ದರು, ಪಾಪ.

ನಮ್ಮ ಯಜಮಾನರು ಹೋಗಿ ಕೇಳಿದ್ದಕ್ಕೆ "ವರ್ಷಕ್ಕೊಂದು ದಿನ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಪರ್ಮಿಶನ್ ಇದೆ" ಅಂದರಂತೆ. ಪರ್ಮಿಶನ್ ಇದ್ದರೆ ಎಷ್ಟು ಹೊತ್ತಾದರೂ ಹಾಕಬಹುದಾ? ಮುಂದಿನ ಶನಿವಾರ ಹಿಂದಿನ ಬೀದಿಯವರದ್ದು ಇದೆ. ಅಷ್ಟರೊಳಗೆ ಏನಾದರೂ ಮಾಡಬೇಕು.

ಹಳೇ ಗುಮಾಸ್ತ:
ಇಲ್ಲಮ್ಮ, ಹಾಕುವಂತಿಲ್ಲ. 2000ದಲ್ಲಿ ಬಂದ ಶಬ್ದ ಮಾಲಿನ್ಯ ನಿಯಮಗಳು ಇಡೀ ದೇಶಕ್ಕೆ ಒಂದೇ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು. ಅನುಮತಿ ಇದ್ದರೂ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಹಾಕುವ ಹಾಗಿಲ್ಲ. ನಾಲ್ಕು ಗೋಡೆ ಒಳಗಿನ ಸಭಾಂಗಣ, ಸಮುದಾಯ ಭವನದಂಥ ಕಡೆಗೆ ವಿನಾಯಿತಿ ಇದೆ. ಶಾಮಿಯಾನ ಕಟ್ಟಿದ ಮಾತ್ರಕ್ಕೆ ರಸ್ತೆ ಸಭಾಂಗಣ ಆಗುವುದಿಲ್ಲ.

ಒಂದು ಸಡಿಲಿಕೆ ಮಾತ್ರ ಇದೆ, ಎಲ್ಲರೂ ಅದನ್ನೇ ಹಿಡಿದುಕೊಂಡು ವಾದ ಮಾಡುತ್ತಾರೆ. ಹಬ್ಬ, ಸಾಂಸ್ಕೃತಿಕ ಸಂದರ್ಭಕ್ಕೆ ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ, 10ರಿಂದ 12ರ ತನಕ ಬಿಡಬಹುದು. ಆ 15 ದಿನ ಇಡೀ ರಾಜ್ಯಕ್ಕೆ ಸೇರಿ, ನಿಮ್ಮ ಬೀದಿಗೆ 15, ಪಕ್ಕದ ಬೀದಿಗೆ ಇನ್ನೊಂದು 15 ಅಂತಲ್ಲ. ಯಾವ ದಿನ ಅಂತ ಮೊದಲೇ ಹೇಳಿರಬೇಕು. 2005ರಲ್ಲಿ ಸುಪ್ರೀಂ ಕೋರ್ಟ್ ಈ ವಿನಾಯಿತಿಯನ್ನು ಒಪ್ಪಿತು, ಆದರೆ ಹೀಗೆ ಬಿಗಿ ಮಾಡಿಯೇ ಒಪ್ಪಿದ್ದು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಸರ್ಕಾರ ಘೋಷಿಸಿದ 100 ಮೀಟರ್ ನಿಶ್ಶಬ್ದ ವಲಯಕ್ಕೆ ಇದೂ ಅನ್ವಯಿಸುವುದಿಲ್ಲ.

ಇನ್ನು ಹತ್ತು ಗಂಟೆ ಒಳಗೆ ಏನು ಬೇಕಾದರೂ ನಡೆಯುತ್ತದೆ ಅಂತಲೂ ಅಲ್ಲ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ಸಾರ್ವಜನಿಕ ಜಾಗದಲ್ಲಿ ಸ್ಪೀಕರ್ ಹಾಕಿದರೆ ಆ ಜಾಗದ ಅಂಚಿನಲ್ಲಿ ಇದಕ್ಕಿಂತ 10 ಜಾಸ್ತಿ, ಇಲ್ಲವೇ 75, ಎರಡರಲ್ಲಿ ಯಾವುದು ಕಡಿಮೆಯೋ ಅದು ಮಿತಿ. ಅಂದರೆ ನಿಮ್ಮ ಬೀದಿಗೆ ಹಗಲಲ್ಲೂ 65.

ಪರ್ಮಿಶನ್ ಇದೆ ಅಂದವರ ಹತ್ತಿರ ಆ ಕಾಗದ ತೋರಿಸಿ ಅನ್ನಿ. ಎಷ್ಟು ಗಂಟೆ ತನಕ ಅಂತ ಅದರಲ್ಲೇ ಬರೆದಿರುತ್ತದೆ. ಅದು ಮೀರಿದರೆ 112ಕ್ಕೆ ಫೋನ್ ಮಾಡಿ, ಕರೆ ಮಾಡಿದ ಸಮಯ ಬರೆದಿಟ್ಟುಕೊಳ್ಳಿ.

ಸೌಂಡ್ ಸರ್ವಿಸ್:
ನಾನು ಹದಿನೆಂಟು ವರ್ಷದಿಂದ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೇನೆ. ಅಕ್ಕಾ, ನಿಮ್ಮ ತಟ್ಟೆ ಅಲುಗಿಸಿದ್ದು ಹಾಡುವವರ ದನಿಯಲ್ಲ, ನೆಲಕ್ಕಿಟ್ಟ ಸಬ್ ವೂಫರ್, ಅಂದರೆ ಬೇಸ್ ಹೊರಡಿಸುವ ದೊಡ್ಡ ಸ್ಪೀಕರ್. ಬೇಸ್ ಗೋಡೆ ದಾಟಿ ಬರುತ್ತದೆ, ಕಿಟಕಿ ಮುಚ್ಚಿದರೂ ನಿಲ್ಲುವುದಿಲ್ಲ. ಮೀಟರಿನಲ್ಲಿ ನೋಡುವ ಡೆಸಿಬಲ್ ಲೆಕ್ಕ ಕಿವಿಗೆ ಕೇಳುವ ಹಾಗೆ ಹೊಂದಿಸಿದ್ದು, ತಗ್ಗಿನ ದನಿಯನ್ನು ಅದು ಕಡಿಮೆ ತೋರಿಸುತ್ತದೆ. ಹಾಗಾಗಿ ಮೀಟರಿನಲ್ಲಿ ಮಿತಿಯೊಳಗೇ ಇದ್ದರೂ ನಿಮ್ಮ ಎದೆ ಗುದ್ದಿದ ಹಾಗೆ ಆಗುತ್ತದೆ.

ಸಣ್ಣ ಬೀದಿಗೆ ಅಷ್ಟು ದೊಡ್ಡ ಸೆಟ್ ಬೇಕಾಗಿಯೇ ಇಲ್ಲ. ಇನ್ನೂರು ಜನಕ್ಕೆ ಎರಡು ಟಾಪ್, ಅಂದರೆ ಹಾಡು, ಮಾತು ಕೇಳಿಸುವ ಮಾಮೂಲಿ ಸ್ಪೀಕರ್, ಸಾಕು. ಅದನ್ನೂ ಸ್ಟ್ಯಾಂಡ್ ಮೇಲೆ ಎತ್ತಿ, ಮುಖ ಜನರ ಕಡೆ ತಗ್ಗಿಸಿದರೆ ದನಿ ಕುರ್ಚಿಗಳ ಮೇಲೆ ಬೀಳುತ್ತದೆ, ಮಹಡಿ ಮನೆಗಳಿಗೆ ನುಗ್ಗುವುದಿಲ್ಲ. ದೊಡ್ಡ ಸೆಟ್ ಕೇಳುವುದು ಪಕ್ಕದ ಬೀದಿಯವರಿಗಿಂತ ನಮ್ಮದು ಜೋರಾಗಿರಲಿ ಅಂತ. ಅಡ್ವಾನ್ಸ್ ಕೊಟ್ಟವರು ಮುಂದೆ ನಿಂತು "ಇನ್ನೂ ಏರ್ಸು" ಅಂದಾಗ ನಮ್ಮ ಹುಡುಗರಿಗೆ ಇಲ್ಲ ಅನ್ನುವುದು ಕಷ್ಟ. ದಯವಿಟ್ಟು ಕಾರ್ಯಕ್ರಮದ ದಿನಕ್ಕೆ ಕಾಯಬೇಡಿ. ಸ್ಪೀಕರ್ ಇಳಿಸುವ ಮುಂಚೆ ಹೋಗಿ ಮಾತಾಡಿ. ಒಮ್ಮೆ ಹಾಡು ಶುರುವಾದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಇಂದಿರಾನಗರ:
ಬೀದಿ ಹಬ್ಬಕ್ಕೆ ಮಾತ್ರ ಯಾಕೆ ಬೀಳುತ್ತೀರಿ? ನಮ್ಮ ಮನೆ ಹಿಂದಿನ ಪಬ್ಬಿನ ತಾರಸಿಯಲ್ಲಿ ವಾರಕ್ಕೆ ಮೂರು ದಿನ ಇದೇ ಗೋಳು. ಅಲ್ಲಿಗೆ ಬರುವವರು ಕಾರಿನಲ್ಲಿ ಬರುತ್ತಾರೆ ಅಂತ ಅದು ಗದ್ದಲ ಅನ್ನಿಸುವುದಿಲ್ಲವಾ?

ಹಳೇ ಗುಮಾಸ್ತ:
ನಿಮ್ಮ ಸಿಟ್ಟು ಸರಿಯಾಗಿದೆ. ತೆರೆದ ತಾರಸಿಯೂ ಬಯಲೇ, ಅದಕ್ಕೂ ಇದೇ ಹತ್ತು ಗಂಟೆ. ಖಾಸಗಿ ಜಾಗಕ್ಕೆ ಇನ್ನೂ ಬಿಗಿ, ಅದರ ಗಡಿಯಲ್ಲಿ ಪ್ರದೇಶದ ಮಿತಿಗಿಂತ 5 ಡೆಸಿಬಲ್ ಮಾತ್ರ ಮೀರಬಹುದು. ನೀವೂ ದೂರು ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ.

ಮೂರನೇ ಕ್ರಾಸ್:
ಎಲ್ಲರಿಗೂ ಥ್ಯಾಂಕ್ಸ್. ಹಿಂದಿನ ಬೀದಿಯವರ ಹತ್ತಿರ ಗುರುವಾರವೇ ಹೋಗಿದ್ದೆವು, ಅತ್ತೆ ವಿಷಯ ಹೇಳಿದೆ. ಕಾಗದ ತೋರಿಸಿದರು, ಹತ್ತು ಗಂಟೆ ಅಂತ ಸ್ಪಷ್ಟವಾಗಿ ಬರೆದಿತ್ತು, ಅವರೇ ಅದನ್ನು ಪೂರ್ತಿ ಓದಿರಲಿಲ್ಲ. ಸಬ್ ವೂಫರ್ ಬೇಡ ಅಂದೆ. ಒಂದು ಇಟ್ಟೇ ಇಡುತ್ತೇವೆ, ಆದರೆ ನಿಮ್ಮ ಮನೆ ಕಡೆ ಇಡುವುದಿಲ್ಲ ಅಂದರು. ಶನಿವಾರ 10.10ಕ್ಕೆ ನಿಲ್ಲಿಸಿದರು. ಕೊನೆಯ ಹಾಡು ಅತ್ತೆಗೆ ಇಷ್ಟದ್ದು, ಕಿಟಕಿ ತೆಗಿ ಅಂದರು, ತೆಗೆದೆ.

ಈ ಭಾನುವಾರ ಮೇನ್ ರೋಡಿನವರದ್ದು. ಅವರ ಸ್ಟೇಜ್ ನರ್ಸಿಂಗ್ ಹೋಮ್ ಎದುರಿಗೇ ಬರುತ್ತದೆ. ನಾಳೆ ಅಲ್ಲಿಗೂ ಹೋಗುತ್ತೇವೆ, ಬೀದಿಯ ಇನ್ನೂ ನಾಲ್ಕು ಮನೆಯವರು ಜೊತೆಗೆ ಬರುತ್ತೇವೆ ಅಂದಿದ್ದಾರೆ.